ಅತ್ತೆ-ಮಾವ, ಇಬ್ಬರು ಮಕ್ಕಳು, ಅಕ್ಟೋಬರ್ ಚಳಿ: ಡುಲುತ್‌ನಲ್ಲಿ ಟೆಂಟ್ ಹಾಕಬಹುದಾ?

ಹೇಮಾವತಿ
ಎಲ್ಲರಿಗೂ ನಮಸ್ಕಾರ. ನಾವು ಮಿನಿಯಾಪೊಲಿಸ್ ಪಕ್ಕದಲ್ಲಿದ್ದೇವೆ. ಅಕ್ಟೋಬರ್ ಮೂರನೇ ವಾರ ಇಲ್ಲಿನ ಶಾಲೆಗಳಿಗೆ ಎಂಇಎ ರಜೆ, ಗುರುವಾರ ಶುಕ್ರವಾರ ಮಕ್ಕಳಿಗೆ ಸ್ಕೂಲ್ ಇಲ್ಲ. ಲೇಕ್ ಸುಪೀರಿಯರ್ ಸರೋವರದ ದಡದ ಬಂದರು ಊರು ಡುಲುತ್ ಕಡೆ ಹೋಗಿ ಟೆಂಟ್ ಹಾಕೋಣ ಅಂತ ನಮ್ಮ ಯಜಮಾನರಿಗೆ ಬಹಳ ಆಸೆ. ಮಗನಿಗೆ 9 ವರ್ಷ, ಮಗಳಿಗೆ 5. ಊರಿಂದ ಅತ್ತೆ-ಮಾವ ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಹೋಗಬೇಕು. ಮಾವ ಪಣಂಬೂರು ಬಂದರಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. "ಸಮುದ್ರ ಇಲ್ಲದ ಊರಲ್ಲಿ ಎಂಥ ಬಂದರು ಮಾರಾಯ್ತಿ?" ಅಂತ ದಿನಾ ಕೇಳುತ್ತಿದ್ದಾರೆ. ಅವರಿಗೆ ಹಡಗು ತೋರಿಸಲೇಬೇಕು.

ಅತ್ತೆಗೆ ಮಂಡಿ ನೋವು, ಚಳಿ ಅಂದರೆ ಆಗುವುದಿಲ್ಲ. ಈ ಕಾಲದಲ್ಲಿ ಟೆಂಟ್ ಸರಿ ಹೋಗುತ್ತದಾ? ಎಲ್ಲಿ ಉಳಿಯುವುದು ಒಳ್ಳೆಯದು? ಅಡುಗೆಗೆ ಏನು ಮಾಡುತ್ತೀರಿ? ಹೋಗಿ ಬಂದವರು ದಯವಿಟ್ಟು ಹೇಳಿ.

ಒಂಟಿಕೊಪ್ಪಲು
ಬುಕಿಂಗ್ ಆಗಿದೆಯಾ ಅಕ್ಕ? ಎಂಇಎ ವಾರ ಅಂದ್ರೆ ಅರ್ಧ ಮಿನೆಸೋಟ ಉತ್ತರಕ್ಕೆ ಹೊರಟಿರುತ್ತದೆ.

ಉತ್ತರದಾರಿ
ಮೊದಲು ಜಾಗದ ವಿಷಯ. ಮಿನಿಯಾಪೊಲಿಸ್‌ನಿಂದ ಡುಲುತ್ ಸುಮಾರು 150 ಮೈಲಿ. ಐ-35 ಹಿಡಿದರೆ ಎರಡೂವರೆ ಗಂಟೆ, ರಸ್ತೆ ಅಲ್ಲೇ ಮುಗಿಯುತ್ತದೆ. ಕ್ಯಾಂಪಿಂಗ್‌ಗೆ ಎರಡು ದಿಕ್ಕು ಇದೆ. ಊರಿಗೆ ಸ್ವಲ್ಪ ಮೊದಲೇ ಸಿಗುವ ಜೇ ಕುಕ್ ಸ್ಟೇಟ್ ಪಾರ್ಕ್ ಒಂದು. ಊರು ದಾಟಿ ಲೇಕ್ ಸುಪೀರಿಯರ್ ದಡದಲ್ಲೇ ಹೋದರೆ ಗೂಸ್‌ಬೆರಿ ಫಾಲ್ಸ್, ಸ್ಪ್ಲಿಟ್ ರಾಕ್, ಟೆಟಗೂಶ್ ಸಾಲಾಗಿ ಸಿಗುತ್ತವೆ.

ದೊಡ್ಡವರು ಜೊತೆಗಿದ್ದರೆ ನನ್ನ ಓಟು ಜೇ ಕುಕ್‌ಗೆ. ಬಂದರು ನೋಡಲು ಇಪ್ಪತ್ತು-ಇಪ್ಪತ್ತೈದು ನಿಮಿಷದ ಡ್ರೈವ್. ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆ, ಅಂಗಡಿ ಎಲ್ಲ ಹತ್ತಿರ. ಸೇಂಟ್ ಲೂಯಿಸ್ ನದಿ ಬಂಡೆಗಳ ಮೇಲೆ ಹಾರಿಕೊಂಡು ಹೋಗುತ್ತದೆ, ಮೇಲೆ ತೂಗುಸೇತುವೆ. 2012ರ ಪ್ರವಾಹದಲ್ಲಿ ಆ ಸೇತುವೆ ಹಾಳಾಗಿ ಮುಂದಿನ ವರ್ಷ ಮತ್ತೆ ಕಟ್ಟಿದರು. ಪಾರ್ಕಿಂಗ್‌ನಿಂದ ಸೇತುವೆಗೆ ನಾಲ್ಕು ಹೆಜ್ಜೆ. ಮಂಡಿ ನೋವಿದ್ದರೂ ಅತ್ತೆಯವರು ನೋಡಬಹುದು.

ಟೆಂಟ್ ಜಾಗಕ್ಕೆ 120 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಒಳ್ಳೆಯ ಜಾಗ ಆವತ್ತೇ ಹೋಗಿಬಿಡುತ್ತದೆ. ಆದರೆ ಚಳಿ ಹತ್ತಿರ ಬಂದಾಗ ಜನ ಕ್ಯಾನ್ಸಲ್ ಮಾಡುತ್ತಾರೆ. ಜಾಗ ಖಾಲಿಯಾದರೆ ತಿಳಿಸಿ ಅಂತ ಬುಕಿಂಗ್ ಸೈಟಿನಲ್ಲೇ ಹಾಕಿಟ್ಟುಕೊಳ್ಳಿ. ಇದಲ್ಲದೆ ಕಾರಿಗೆ ಪರ್ಮಿಟ್ ಬೇಕು. ದಿನದ್ದೂ ಸಿಗುತ್ತದೆ, ವರ್ಷದ್ದೂ ಸಿಗುತ್ತದೆ. ವರ್ಷದ್ದನ್ನೇ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಹಲವು ಪಾರ್ಕ್‌ಗಳಲ್ಲಿ ಶವರ್, ನಲ್ಲಿ ನೀರು ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಪೈಪ್ ಹೆಪ್ಪುಗಟ್ಟುತ್ತದೆ. ಪಾರ್ಕ್‌ಗೆ ಫೋನ್ ಮಾಡಿ ಯಾವಾಗ ನಿಲ್ಲಿಸುತ್ತೀರಿ ಅಂತ ಕೇಳಿಕೊಂಡೇ ಹೊರಡಿ. ಟಾಯ್ಲೆಟ್ ಬ್ಲಾಕ್ ಬೀಗ ಹಾಕಿದ್ದರೆ ದೊಡ್ಡವರ ಜೊತೆ ತುಂಬ ಕಷ್ಟ.

ಟೆಂಟುರಾಯ
ಯಜಮಾನರ ಆಸೆಗೆ ನನ್ನ ಬೆಂಬಲ! ಟೆಂಟ್ ಆರಾಮಾಗಿ ಹಾಕಬಹುದು. ಬೇಸಿಗೆಯ ಸೊಳ್ಳೆ ಇಲ್ಲ, ಗಲಾಟೆ ಇಲ್ಲ. ಗಾಳಿ ಚುರುಕಾಗಿರುತ್ತದೆ. ಒಂದು ಸಣ್ಣ ಪ್ರೊಪೇನ್ ಹೀಟರ್ ತೆಗೆದುಕೊಳ್ಳಿ, ಮಲಗುವ ಮೊದಲು ಟೆಂಟ್ ಒಳಗೆ ಅರ್ಧ ಗಂಟೆ ಹಚ್ಚಿದರೆ ಬೆಚ್ಚಗಾಗುತ್ತದೆ. ಚಳಿ ಎಲ್ಲ ಮನಸ್ಸಿನದು.

ನರ್ಸಮ್ಮ
ಟೆಂಟುರಾಯರೇ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಟೆಂಟ್ ಒಳಗೆ ಗ್ಯಾಸ್ ಹೀಟರ್ ಬೇಡ, ಸ್ಟೌ ಬೇಡ, ಇದ್ದಿಲಿನ ಕೆಂಡ ಅಂತೂ ಬೇಡವೇ ಬೇಡ. ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಅದು ಕೂತುಬಿಡುತ್ತದೆ. ತಲೆನೋವು, ಸುಸ್ತು, ಆಮೇಲೆ ನಿದ್ದೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಕೆಂಡ ಆರಿದಂತೆ ಕಂಡರೂ ಅನಿಲ ಬರುತ್ತಲೇ ಇರುತ್ತದೆ.

ನಮ್ಮ ಊರುಗಳಲ್ಲಿ ಅಗ್ಗಿಷ್ಟಿಕೆ ಒಳಗಿಟ್ಟುಕೊಂಡು ಮಲಗುವ ಅಭ್ಯಾಸ ಇದೆ. ಅದಕ್ಕೇ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು.

ಟೆಂಟುರಾಯ
ನಾನು ಹೇಳಿದ್ದು ಜಿಪ್ ತೆಗೆದಿಟ್ಟು, ಮಲಗುವ ಮುಂಚೆ ಮಾತ್ರ. ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಹೀಟರ್‌ಗಳೂ ಇವೆ ಅಲ್ವಾ?

ನರ್ಸಮ್ಮ
ಇವೆ. ಆದರೆ 5 ವರ್ಷದ ಮಗು ಓಡಾಡುವ ನೈಲಾನ್ ಟೆಂಟ್ ಒಳಗೆ ಬೆಂಕಿ ಯಾಕೆ? "ಮಲಗುವ ಮುಂಚೆ ಆರಿಸುತ್ತೇವೆ" ಅಂದವರಿಗೆ ಮೊದಲು ನಿದ್ದೆ ಬಂದರೆ? ನಾನು ಇದರಲ್ಲಿ ರಾಜಿ ಆಗುವುದಿಲ್ಲ.

ಧಾರವಾಡಿ
ನರ್ಸಮ್ಮ ಹೇಳಿದ್ದೇ ಖರೆ ರೀ. ಬೆಚ್ಚಗೆ ಮಲಗಲು ಬೇರೆ ದಾರಿ ಇದೆ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಗಟ್ಟಿ ಮಾಡಿ, ಉಣ್ಣೆ ಕಾಲುಚೀಲದಲ್ಲಿ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೆ ಕಾಲ ಹತ್ತಿರ ಇಡಿ. ಬೆಳಗಿನ ತನಕ ಬೆಚ್ಚಗಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ಚಳಿ ಬರುವುದು ಹೆಚ್ಚಾಗಿ ನೆಲದಿಂದ. ಗಾಳಿ ತುಂಬುವ ಹಾಸಿಗೆ ಮೇಲೆ ಮಲಗಿದರೆ ಒಳಗಿನ ಗಾಳಿಯೇ ತಣ್ಣಗಾಗಿ ಬೆನ್ನು ಹಿಡಿಯುತ್ತದೆ. ಕೆಳಗೆ ಫೋಮ್ ಪ್ಯಾಡ್ ಬೇಕೇ ಬೇಕು. ಸ್ಲೀಪಿಂಗ್ ಬ್ಯಾಗ್ 20 ಡಿಗ್ರಿ ಫ್ಯಾರನ್‌ಹೀಟ್ ರೇಟಿಂಗ್‌ನದು ಇರಲಿ. ಆ ಕಾಲದಲ್ಲಿ ರಾತ್ರಿ 32ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಮಲಗುವಾಗ ಉಣ್ಣೆ ಅಥವಾ ಸಿಂಥೆಟಿಕ್ ಹಾಕಿಸಿ, ತಲೆಗೆ ಟೋಪಿ.

ಶಿಕಾಗೊ ಶಾರದೆ
ಇಷ್ಟೆಲ್ಲ ಯಾಕೆ? ಸುಮ್ನೆ ಹೋಟೆಲ್ ಮಾಡಿ. ವಯಸ್ಸಾದವರನ್ನು ನೆಲದ ಮೇಲೆ ಮಲಗಿಸಿ ಏನು ಸಾಧಿಸಬೇಕು?

ಉತ್ತರದಾರಿ
ಶಾರದಕ್ಕ, ನಡುವಿನ ದಾರಿ ಒಂದಿದೆ. ಸ್ಟೇಟ್ ಪಾರ್ಕ್‌ಗಳಲ್ಲಿ ಕ್ಯಾಂಪರ್ ಕ್ಯಾಬಿನ್ ಅಂತ ಸಣ್ಣ ಮರದ ಮನೆಗಳಿವೆ. ಜೇ ಕುಕ್‌ನಲ್ಲೂ ಇವೆ. ಸಾಮಾನ್ಯವಾಗಿ 5-6 ಜನ ಮಲಗುವ ಮಂಚ, ಮೇಜು ಇರುತ್ತದೆ. ಕರೆಂಟ್, ಹೀಟಿಂಗ್ ಇರುವುದನ್ನೇ ನೋಡಿ ಬುಕ್ ಮಾಡಬೇಕು. ಹಾಸಿಗೆ ಬಟ್ಟೆ ನಾವೇ ಒಯ್ಯಬೇಕು. ಒಳಗೆ ಅಡುಗೆ ಮಾಡುವ ಹಾಗಿಲ್ಲ, ಬಾತ್‌ರೂಮ್ ಹೊರಗೆ ನಡೆದು ಹೋಗಬೇಕು. ಆದರೂ ಬೆಂಕಿ ಮುಂದೆ ಕೂರುವ ಸುಖ ಸಿಗುತ್ತದೆ, ರಾತ್ರಿ ಬಾಗಿಲು ಹಾಕಿ ಬೆಚ್ಚಗೆ ಮಲಗಬಹುದು.

ಹೇಮಾವತಿ
ಇದು ನನಗೆ ಗೊತ್ತೇ ಇರಲಿಲ್ಲ! ಕ್ಯಾಬಿನ್ ನೋಡುತ್ತೇನೆ. ಎಲೆ ಬಣ್ಣ ಆ ವಾರ ಇರುತ್ತದೆ ಅಲ್ವಾ?

ಟೆಂಟುರಾಯ
ಇಲ್ಲ, ಸೆಪ್ಟೆಂಬರ್ ಕೊನೆಗೇ ಮುಗಿದುಹೋಗುತ್ತದೆ.

ಹಕ್ಕಿಹಾದಿ
ಅದು ಅರ್ಧ ಸತ್ಯ. ನಾರ್ತ್ ಶೋರ್‌ನಲ್ಲಿ, ಅಂದರೆ ಸರೋವರದ ಈ ಉತ್ತರ ದಡದಲ್ಲಿ, ಬಣ್ಣ ಎರಡು ಸಲ ಬರುತ್ತದೆ. ದಡದಿಂದ ಒಳಗೆ, ಗುಡ್ಡದ ಮೇಲಿರುವ ಮೇಪಲ್ ಮರಗಳು ಸೆಪ್ಟೆಂಬರ್ ಕೊನೆಯಲ್ಲಿ ಕೆಂಪಾಗುತ್ತವೆ. ದಡದ ಬರ್ಚ್, ಆಸ್ಪೆನ್ ಹಳದಿಯಾಗುವುದು ಅಕ್ಟೋಬರ್ ಮೊದಲ ಎರಡು ವಾರ. ಸರೋವರ ಬೇಸಿಗೆಯ ಬಿಸಿಯನ್ನು ನಿಧಾನಕ್ಕೆ ಬಿಡುತ್ತದೆ, ಅದಕ್ಕೆ ದಡದಲ್ಲಿ ಎಲ್ಲ ತಡ. ಎಂಇಎ ವಾರಕ್ಕೆ ಬಣ್ಣದ ಕೊನೆ ಸಿಗಬಹುದು. ಜೋರು ಗಾಳಿ ಬೀಸಿದರೆ ಒಂದೇ ರಾತ್ರಿಯಲ್ಲಿ ಎಲೆಯೆಲ್ಲ ನೆಲಕ್ಕೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಈ ಕಾಲದಲ್ಲಿ ರಾತ್ರಿ ಚಳಿ ದಡಕ್ಕಿಂತ ಒಳನಾಡಿನಲ್ಲೇ ಜಾಸ್ತಿ. ಜೇ ಕುಕ್ ಒಳಗಿದೆ, ಆದ್ದರಿಂದ ಗೂಸ್‌ಬೆರಿಗಿಂತ ಅಲ್ಲಿ ಪಾದರಸ ಕೆಳಗೆ ಇಳಿಯುವುದುಂಟು. ದಡದಲ್ಲಿ ಕಾಟ ಕೊಡುವುದು ಗಾಳಿ. ಪೂರ್ವದ ಗಾಳಿ ನೀರಿನ ಮೇಲಿಂದ ಬಂದರೆ ಹಗಲಲ್ಲೂ ಕಿವಿ ಮುಚ್ಚಿಕೊಳ್ಳಬೇಕು.

ಡುಲುತ್‌ಗೆ ಹೋಗಿ ಹಾಕ್ ರಿಡ್ಜ್ ನೋಡದೆ ಬರಬೇಡಿ. ಊರಿನ ಮೇಲಿನ ಗುಡ್ಡ ಅದು. ಉತ್ತರದಿಂದ ದಕ್ಷಿಣಕ್ಕೆ ಹೊರಟ ಹದ್ದು, ಗಿಡುಗಗಳು ಅಷ್ಟು ದೊಡ್ಡ ನೀರನ್ನು ದಾಟಲು ಇಷ್ಟಪಡುವುದಿಲ್ಲ. ನೀರಿನ ಮೇಲೆ ಅವುಗಳನ್ನು ಎತ್ತುವ ಬಿಸಿಗಾಳಿ ಸಿಗುವುದಿಲ್ಲ. ಹಾಗಾಗಿ ದಡ ಹಿಡಿದು ಕೆಳಗೆ ಬರುತ್ತವೆ, ಡುಲುತ್ ತಲೆಯ ಮೇಲೆ ಎಲ್ಲವೂ ಒಟ್ಟಾಗುತ್ತವೆ. ಸೆಪ್ಟೆಂಬರ್ ಮಧ್ಯದಲ್ಲಿ ಬ್ರಾಡ್-ವಿಂಗ್ಡ್ ಗಿಡುಗಗಳು ಒಂದೇ ದಿನ ಸಾವಿರಗಟ್ಟಲೆ ಹೋಗುತ್ತವೆ. ನೀವು ಹೋಗುವ ವಾರಕ್ಕೆ ಅವು ಮುಗಿದಿರುತ್ತವೆ. ಆದರೆ ರೆಡ್-ಟೇಲ್ಡ್, ಗೋಸ್‌ಹಾಕ್, ಬಾಲ್ಡ್ ಈಗಲ್ ಬರುವ ಸಮಯ ಅದೇ. ಉತ್ತರ ದಿಕ್ಕಿನ ಗಾಳಿ ಇರುವ ಬಿಸಿಲ ದಿನ ಹೋಗಿ. ಟಿಕೆಟ್ ಇಲ್ಲ, ರಸ್ತೆ ಪಕ್ಕವೇ ನಿಂತು ನೋಡಬಹುದು. ಅಲ್ಲಿ ಎಣಿಸುವವರು ಮಕ್ಕಳಿಗೆ ಪ್ರೀತಿಯಿಂದ ವಿವರಿಸುತ್ತಾರೆ.

ಪಣಂಬೂರು ಕಿಟ್ಟು
ನಿಮ್ಮ ಮಾವ ಪಣಂಬೂರಿನವರು ಅಂತ ಓದಿ ಬರೆಯದೆ ಇರಲು ಆಗಲಿಲ್ಲ. ನಾನೂ ಅಲ್ಲಿಯವನೇ. ಅವರಿಗೆ ಡುಲುತ್ ಅದೆಷ್ಟು ಹತ್ತಿರ ಅನ್ನಿಸುತ್ತದೆ ನೋಡಿ.

ಕುದುರೆಮುಖದ ಅದಿರು ಕಡಿಮೆ ಕಬ್ಬಿಣ ಇರುವ ಮ್ಯಾಗ್ನೆಟೈಟ್. ಅರೆದು, ಕಬ್ಬಿಣ ಬೇರ್ಪಡಿಸಿ, ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪ್‌ನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಪಣಂಬೂರಿನಲ್ಲಿ ಉಂಡೆ (ಪೆಲೆಟ್) ಕಟ್ಟಿ, ಸುಟ್ಟು, ಹಡಗಿಗೆ ತುಂಬುತ್ತಿದ್ದರು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿಗಾರಿಕೆ ನಿಂತಿತು. ಡುಲುತ್‌ನ ಉತ್ತರಕ್ಕೆ ಮೆಸಾಬಿ ಅಂತ ಕಬ್ಬಿಣದ ಸಾಲು ಇದೆ. ಒಳ್ಳೆಯ ಅದಿರು ಮುಗಿಯುತ್ತಾ ಬಂದಾಗ ಅವರೂ ಟ್ಯಾಕೊನೈಟ್ ಎಂಬ ಕಡಿಮೆ ಕಬ್ಬಿಣದ ಕಲ್ಲಿಗೆ ಬಂದರು. ಅದನ್ನೂ ಅರೆಯುತ್ತಾರೆ, ಅಯಸ್ಕಾಂತದಿಂದ ಬೇರ್ಪಡಿಸುತ್ತಾರೆ, ಉಂಡೆ ಕಟ್ಟಿ ಸುಡುತ್ತಾರೆ. ಪೈಪ್ ಬದಲು ರೈಲು, ಅಷ್ಟೇ ವ್ಯತ್ಯಾಸ.

ರೈಲು ಎತ್ತರದ ಡಾಕ್ ಮೇಲೆ ಬರುತ್ತದೆ, ಅದಿರು ಕೆಳಗೆ ನಿಂತ ಹಡಗಿಗೆ ಬೀಳುತ್ತದೆ. ಡುಲುತ್‌ನಲ್ಲೂ ಇದೆ, ಸುಮಾರು 27 ಮೈಲಿ ಮುಂದೆ ಟೂ ಹಾರ್ಬರ್ಸ್‌ನಲ್ಲೂ ಇದೆ. ಟೂ ಹಾರ್ಬರ್ಸ್‌ನಲ್ಲಿ ನೋಡುವುದು ಸುಲಭ. ಅಲ್ಲಿಂದ ಅದಿರು ಹೊರಟದ್ದು 1884ರಲ್ಲೇ. ನೀರಿನ ಅಂಚಿನಲ್ಲಿ ನಿಂತರೆ ಡಾಕ್ ಎದುರಿಗೇ ಕಾಣುತ್ತದೆ. ಮಾವನವರನ್ನು ಅಲ್ಲಿ ಒಂದು ಗಂಟೆ ಬಿಡಿ, ಅವಸರ ಮಾಡಬೇಡಿ.

ಇನ್ನು ಅವರ ಪ್ರಶ್ನೆಗೆ ಉತ್ತರ. ಸಮುದ್ರಕ್ಕೆ ದಾರಿ ಇದೆ! ಸೇಂಟ್ ಲಾರೆನ್ಸ್ ಜಲಮಾರ್ಗ 1959ರಲ್ಲಿ ತೆರೆಯಿತು. ನೀರಿನ ಮಟ್ಟ ಏರಿಳಿಸುವ ಲಾಕ್‌ಗಳಲ್ಲಿ ಮೆಟ್ಟಿಲಿಳಿದ ಹಾಗೆ ಇಳಿದು ಹಡಗು ಅಟ್ಲಾಂಟಿಕ್ ಸೇರುತ್ತದೆ. 2,300 ಮೈಲಿಗಿಂತ ಜಾಸ್ತಿ ದಾರಿ. ಆದರೆ ಆ ಲಾಕ್‌ಗಳಲ್ಲಿ 740 ಅಡಿಗಿಂತ ಉದ್ದದ ಹಡಗು ಹಿಡಿಯುವುದಿಲ್ಲ. ಅದಿರು ಸಾಗಿಸುವ 1,000 ಅಡಿಯ ಹಡಗುಗಳು ಸರೋವರದಲ್ಲೇ ಹುಟ್ಟಿ ಸರೋವರದಲ್ಲೇ ಬಾಳುತ್ತವೆ. ಉಪ್ಪು ನೀರಿನ ತುಕ್ಕು ಇಲ್ಲ, ಹಾಗಾಗಿ 50 ವರ್ಷ ದಾಟಿದ ಹಡಗುಗಳೂ ಓಡುತ್ತಿವೆ. ಬಂದರಿನಲ್ಲಿ ಕೆಲಸ ಮಾಡಿದವರಿಗೆ ಇದು ದೊಡ್ಡ ಆಶ್ಚರ್ಯ.

ಹೇಮಾವತಿ
ಕಿಟ್ಟಣ್ಣ, ನಿಮ್ಮ ಪೋಸ್ಟ್ ಮಾವನಿಗೆ ಓದಿ ಹೇಳಿದೆ. "ಹೌದಾ? ಪೆಲೆಟ್ ಹೋಗುವುದಾ ಅಲ್ಲಿಂದ?" ಅಂತ ಎದ್ದು ಕೂತರು. ಈಗ ಅವರಿಗೇ ನಮಗಿಂತ ಅವಸರ.

ಒಂಟಿಕೊಪ್ಪಲು
ಹಡಗು ನೋಡಲು ಕೆನಾಲ್ ಪಾರ್ಕ್‌ಗೆ ಹೋಗಿ. ಹಡಗು ಬರುವಾಗ ಏರಿಯಲ್ ಲಿಫ್ಟ್ ಬ್ರಿಜ್ ಇಡೀ ಮೇಲೆ ಏಳುತ್ತದೆ. 1930ರಲ್ಲಿ ಕಟ್ಟಿದ್ದು.

ಉತ್ತರದಾರಿ
ಸಣ್ಣ ತಿದ್ದುಪಡಿ. ಕಟ್ಟಿದ್ದು 1905ರಲ್ಲಿ. ಆಗ ಅದು ಏಳುತ್ತಿರಲಿಲ್ಲ. ಮೇಲಿನ ತೊಲೆಯಿಂದ ತೂಗುಬಿಟ್ಟ ತೊಟ್ಟಿಲಿನಂಥ ಗಾಡಿ ಜನರನ್ನು ಆಚೆ-ಈಚೆ ಒಯ್ಯುತ್ತಿತ್ತು. 1929-30ರಲ್ಲಿ ಈಗಿನ ಹಾಗೆ ಏಳುವ ಸೇತುವೆ ಮಾಡಿದರು. ಹಡಗು ಕೂಗಿದರೆ ಸೇತುವೆಯೂ ತಿರುಗಿ ಕೂಗುತ್ತದೆ. ಚಿಕ್ಕ ಮಕ್ಕಳು ಹೆದರಬಹುದು, ಮೊದಲೇ ಹೇಳಿಟ್ಟಿರಿ. ಕಾಲುವೆ ಎಷ್ಟು ಕಿರಿದು ಅಂದರೆ ಹಡಗಿನ ಗೋಡೆ ನಿಮ್ಮ ಮುಂದೆಯೇ ಸರಿದು ಹೋಗುತ್ತದೆ.

ಪಕ್ಕದಲ್ಲೇ ಮಾರಿಟೈಮ್ ವಿಸಿಟರ್ ಸೆಂಟರ್ ಇದೆ. ಪ್ರವೇಶ ಉಚಿತ. ಯಾವ ಹಡಗು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅಲ್ಲಿ ಹಾಕಿರುತ್ತಾರೆ. ಸಮಯ ಹಿಂದೆ-ಮುಂದೆ ಆಗುತ್ತಲೇ ಇರುತ್ತದೆ. ಬೆಳಗ್ಗೆ ನೋಡಿದ್ದನ್ನೇ ನಂಬಿ ಕೂರಬೇಡಿ.

ಅಜ್ಜಿಮನೆ
ಅಡುಗೆ ಬಗ್ಗೆ ಯಾರೂ ಹೇಳಲಿಲ್ಲ. ಪುಳಿಯೋಗರೆ ಗೊಜ್ಜು, ಮೊಸರನ್ನ, ಚಟ್ನಿಪುಡಿ, ಮನೆಯಲ್ಲೇ ಹುರಿದಿಟ್ಟ ಉಪ್ಪಿಟ್ಟಿನ ರವೆ ಒಯ್ಯಿರಿ. ಒಗ್ಗರಣೆ ಸಮೇತ ಹುರಿದಿಟ್ಟರೆ ಅಲ್ಲಿ ಬಿಸಿನೀರು ಹಾಕಿದರೆ ಸಾಕು. ಸಾರಿನ ಪುಡಿ ಮರೆಯಬೇಡಿ. ಆ ಚಳಿಗೆ ಬಿಸಿ ಸಾರು ಲೋಟದಲ್ಲಿ ಕುಡಿದರೆ ಅತ್ತೆಯವರ ಅರ್ಧ ನೋವು ಹೋಗುತ್ತದೆ. ಕುಕ್ಕರ್ ಒಯ್ದು ಬಿಸಿ ಅನ್ನ ಮಾಡಿ.

ಟೆಂಟುರಾಯ
ಕುಕ್ಕರ್ ಬೇಡ. ಕ್ಯಾಂಪ್ ಸ್ಟೌ ಮೇಲೆ ಅಲುಗಾಡುತ್ತದೆ, ಗಾಳಿಗೆ ಉರಿ ನಿಲ್ಲುವುದಿಲ್ಲ. ಸೀಟಿ ಹೊಡೆದರೆ ಅಕ್ಕಪಕ್ಕದ ಟೆಂಟ್‌ನವರೆಲ್ಲ ಬೆಚ್ಚಿ ಬೀಳುತ್ತಾರೆ. ತೆರೆದ ಪಾತ್ರೆಯಲ್ಲಿ ಮಾಡಿ.

ಧಾರವಾಡಿ
ನಾವು ಜೋಳದ ರೊಟ್ಟಿ ಕಡಕ್ ಮಾಡಿ ಒಯ್ಯುತ್ತೇವೆ. ಶೇಂಗಾ ಚಟ್ನಿ, ಗಟ್ಟಿ ಮೊಸರು. ಒಲೆಯ ಚಿಂತೆಯೇ ಇಲ್ಲ.

ಅಜ್ಜಿಮನೆ
ಬರೀ ರೊಟ್ಟಿ ಮೇಲೆ ಅಷ್ಟು ದಿನ ಇರಲು ನಮ್ಮ ಕಡೆಯವರಿಗೆ ಆಗುವುದಿಲ್ಲ ಧಾರವಾಡಿಯವರೇ. ಅನ್ನ ಬೇಕು. ಕುಕ್ಕರ್ ಹಗಲು ಹೊತ್ತಿನಲ್ಲಿ ಇಟ್ಟರೆ ಯಾರಿಗೇನು ತೊಂದರೆ?

ಉತ್ತರದಾರಿ
ಏನೇ ಮಾಡಿ, ಊಟ ಆದ ಮೇಲೆ ಎಲ್ಲ ಕಾರಿನಲ್ಲಿಟ್ಟು ಗಾಜು ಏರಿಸಿ. ಅದು ಕಪ್ಪು ಕರಡಿಗಳ ಪ್ರದೇಶ. ಚಳಿಗಾಲದ ನಿದ್ದೆಗೆ ಮುಂಚೆ ಅವು ಹೊಟ್ಟೆ ತುಂಬಿಕೊಳ್ಳುವ ಕಾಲ ಇದು. ಬೆಲ್ಲ, ಶೇಂಗಾ, ಮಕ್ಕಳ ಚಾಕೊಲೇಟ್, ಟೂತ್‌ಪೇಸ್ಟ್ ಕೂಡ ಟೆಂಟ್ ಒಳಗೆ ಬೇಡ.

ಮನೆಯಿಂದ ಸೌದೆ ಒಯ್ಯಬೇಡಿ. ಆ್ಯಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆ್ಯಶ್ ಬೋರರ್ ಹುಳು ಸೌದೆಯ ಜೊತೆಗೇ ಊರಿಂದ ಊರಿಗೆ ಹರಡುತ್ತದೆ. ಸೌದೆಯನ್ನು ಪಾರ್ಕ್‌ನಲ್ಲೇ ಕೊಳ್ಳಿ.

ಮಲ್ಲೇಶ್ವರದವಳು
ನಾನೊಂದು ಬೇರೆ ವಿಷಯ ಕೇಳುತ್ತೇನೆ. ಈ ಸಲ ಎಂಇಎ ರಜೆ ನವರಾತ್ರಿ ಒಳಗೇ ಬರುತ್ತದೆ ಅಲ್ವಾ? ಗೊಂಬೆ ಕೂರಿಸಿದವರು ಮನೆ ಬಿಟ್ಟು ಹೇಗೆ ಹೋಗುತ್ತೀರಿ? ದಿನಾ ಆರತಿ ಆಗಬೇಕು.

ಒಂಟಿಕೊಪ್ಪಲು
ನಾವು ಪಟ್ಟದ ಗೊಂಬೆಗಳನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ದಿದ್ದೆವು. ಸಂಜೆ ಕ್ಯಾಬಿನ್‌ನ ಮೇಜಿನ ಮೇಲೆ ಇಟ್ಟು, ಮಕ್ಕಳು ಆಯ್ದ ಹಳದಿ ಎಲೆ ಸುತ್ತ ಇಟ್ಟು ಹಾಡು ಹೇಳಿದೆವು. ದೀಪದ ಬದಲು ಬ್ಯಾಟರಿ ದೀಪ, ಒಳಗೆ ಬೆಂಕಿ ಬೇಡ ಅಂತ.

ಮಲ್ಲೇಶ್ವರದವಳು
ನನಗೆ ಇದು ಒಪ್ಪಿಗೆ ಆಗುವುದಿಲ್ಲ. ಕೂರಿಸಿದ ಮೇಲೆ ಅಲುಗಾಡಿಸಬಾರದು ಅಂತ ನಮ್ಮ ಮನೆಯಲ್ಲಿ ಪದ್ಧತಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಆರತಿ ಮಾಡಲು ಹೇಳಿ ಹೋಗುವುದೇ ಸರಿ.

ಶಿಕಾಗೊ ಶಾರದೆ
ದೇವಿಗೆ ಸರೋವರ ತೋರಿಸಿದರೆ ಬೇಸರವಾಗುತ್ತದಾ? ಮಕ್ಕಳು ಹಬ್ಬ ಮಾಡಿದರಲ್ಲ, ಅದು ದೊಡ್ಡದು.

ಹೇಮಾವತಿ
ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ, ಆಯುಧ ಪೂಜೆಗೆ ಮನೆಗೆ ಬಂದಿರುತ್ತೇವೆ. ಇನ್ನೊಂದು ಪ್ರಶ್ನೆ. ಮಗನಿಗೆ ನೀರು ಕಂಡರೆ ಇಳಿಯಬೇಕು. ಪಾರ್ಕ್ ಪಾಯಿಂಟ್‌ನಲ್ಲಿ ಮರಳು ಚೆನ್ನಾಗಿದೆಯಂತೆ?

ನರ್ಸಮ್ಮ
ಮರಳು ಬಹಳ ಚೆನ್ನಾಗಿದೆ, ಮೈಲಿಗಟ್ಟಲೆ. ಆಡಲಿ, ಕಲ್ಲು ಹೆಕ್ಕಲಿ. ನೀರಿಗೆ ಮಾತ್ರ ಬೇಡ. ವರ್ಷದ ಸರಾಸರಿ ಲೆಕ್ಕ ಹಾಕಿದರೆ ಆ ನೀರು 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಅಷ್ಟು ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಹಿಡಿದುಕೊಳ್ಳುತ್ತದೆ, ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಅಲ್ಲಿ ಒಳಗೆ ಎಳೆಯುವ ಸೆಳೆತವೂ ಇದೆ. ಕೆರೆ ತಾನೇ ಅಂತ ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸುಮಾರು 82,000 ಚದರ ಕಿಲೋಮೀಟರ್ ನೀರು ಅದು, ಕರ್ನಾಟಕದ ಶೇಕಡಾ 40ಕ್ಕಿಂತ ಜಾಸ್ತಿ. ಅತಿ ಆಳದ ಕಡೆ 1,333 ಅಡಿ.

ಪಣಂಬೂರು ಕಿಟ್ಟು
ನರ್ಸಮ್ಮ ಹೇಳಿದ್ದಕ್ಕೆ ಸೇರಿಸುತ್ತೇನೆ. 1905ರ ನವೆಂಬರ್ ಬಿರುಗಾಳಿಯಲ್ಲಿ ಮಟಾಫಾ ಎಂಬ ಹಡಗು ಡುಲುತ್ ಕಾಲುವೆಯ ಬಾಯಲ್ಲೇ ಒಡೆಯಿತು. ಊರ ಜನ ದಡದಲ್ಲಿ ಬೆಂಕಿ ಹಾಕಿಕೊಂಡು ನಿಂತಿದ್ದರು, ಏನೂ ಮಾಡಲು ಆಗಲಿಲ್ಲ. 9 ಜನ ಸತ್ತರು. ಆ ಬಿರುಗಾಳಿಯ ನಂತರವೇ ಸ್ಪ್ಲಿಟ್ ರಾಕ್ ದೀಪಸ್ತಂಭ ಕಟ್ಟಿದ್ದು, 1910ರಲ್ಲಿ ಬೆಳಗಿತು. 1975ರಲ್ಲಿ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ಪಕ್ಕದ ಸುಪೀರಿಯರ್ ಊರಿನಿಂದ ಅದಿರು ಉಂಡೆ ತುಂಬಿಕೊಂಡು ಹೊರಟು ಮರುದಿನ ಮುಳುಗಿತು. ನವೆಂಬರ್ 10, 29 ಜನ. ಈಗಲೂ ಪ್ರತಿ ವರ್ಷ ಆ ದಿನ ಸ್ಪ್ಲಿಟ್ ರಾಕ್‌ನಲ್ಲಿ ಅವರ ನೆನಪಿಗೆ ದೀಪ ಹಚ್ಚುತ್ತಾರೆ. ಬಂದರಿನ ಕೆಲಸದವರಿಗೆ ಇದು ಬರೀ ಕಥೆ ಅಲ್ಲ. ಮಾವನವರಿಗೆ ಆ ಸ್ತಂಭ ತೋರಿಸಿ.

ಟೆಂಟುರಾಯ
ಮಕ್ಕಳು ಆ್ಯಗೇಟ್ ಕಲ್ಲು ಹುಡುಕಲಿ. ಕೆಂಪು ಪಟ್ಟೆ ಇರುತ್ತದೆ, ಒದ್ದೆಯಾದಾಗ ಬಿಸಿಲಿಗೆ ಹಿಡಿದರೆ ಹೊಳೆಯುತ್ತದೆ. ಮಿನೆಸೋಟದ ರಾಜ್ಯ ರತ್ನ ಅದು. ಸ್ಟೇಟ್ ಪಾರ್ಕ್ ಒಳಗಿಂದ ಮಾತ್ರ ಕಲ್ಲು ತರುವ ಹಾಗಿಲ್ಲ.

ಹಕ್ಕಿಹಾದಿ
ರಾತ್ರಿ ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ ನೋಡಿ. 2024ರ ಅಕ್ಟೋಬರ್ 10ರ ರಾತ್ರಿ ಅಲ್ಲಿ ಧ್ರುವಪ್ರಭೆ ಚೆನ್ನಾಗಿ ಕಂಡಿತ್ತು. ಸೂರ್ಯ ಆರೂವರೆಗೆಲ್ಲ ಮುಳುಗುವುದರಿಂದ ಮಕ್ಕಳು ಮಲಗುವ ಮುಂಚೆಯೇ ನೋಡಬಹುದು.

ಹೇಮಾವತಿ
ಎಲ್ಲರಿಗೂ ಧನ್ಯವಾದ. ಜೇ ಕುಕ್ ಕ್ಯಾಬಿನ್ ಒಂದು ಕ್ಯಾನ್ಸಲ್ ಆಗಿದ್ದು ಸಿಕ್ಕಿತು, ಗುರುವಾರ ಮತ್ತು ಶುಕ್ರವಾರ ರಾತ್ರಿಗೆ. ಶನಿವಾರಕ್ಕೆ ಸಿಗಲಿಲ್ಲ. ಒಂದು ದಿನ ಪೂರ್ತಿ ಟೂ ಹಾರ್ಬರ್ಸ್ ಮತ್ತು ಸ್ಪ್ಲಿಟ್ ರಾಕ್‌ಗೆ ಇಡುತ್ತೇವೆ. ಯಜಮಾನರಿಗೆ ಟೆಂಟ್ ಇಲ್ಲ ಅಂತ ಸ್ವಲ್ಪ ಬೇಸರ ಇದೆ.

ಟೆಂಟುರಾಯ
ಅವರನ್ನು ಮುಂದಿನ ಜೂನ್‌ನಲ್ಲಿ ನನ್ನ ಜೊತೆ ಕಳಿಸಿ. ಹೀಟರ್ ತರುವುದಿಲ್ಲ ನರ್ಸಮ್ಮ.

ಶಿಕಾಗೊ ಶಾರದೆ
ಮಾವನವರ ವಿಸಿಟರ್ ಇನ್ಶೂರೆನ್ಸ್ ಕಾಗದ, ಬಿಪಿ ಮಾತ್ರೆ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಕೈಚೀಲದಲ್ಲೇ ಇರಲಿ.

ಅಜ್ಜಿಮನೆ
ಕುಕ್ಕರ್ ಒಯ್ಯುತ್ತೀರಾ ಇಲ್ಲವಾ, ಅದನ್ನು ಹೇಳಲೇ ಇಲ್ಲವಲ್ಲ?

ಹೇಮಾವತಿ
ಒಯ್ಯುತ್ತೇವೆ. ಅತ್ತೆ ಆಗಲೇ ಡಬ್ಬಿಗೆ ತುಂಬಿಟ್ಟಿದ್ದಾರೆ. ಹಗಲು ಮಾತ್ರ ಇಡುತ್ತೇವೆ.